ಸಣ್ಣಾಕಿಯ ಹರವಿ

ಬೇಳೆ ಬೇಯದಿದ್ದರೆ ಯಾರ ತಪ್ಪು? ಬೇಳೆಯದೋ, ಒಲೆಯದೋ, ನೀರಿನದೋ? ನನ್ನ ಅತ್ತೆಯ ಮನೆಯಲ್ಲಿ ಅದು ಹಿರಿಯ ಸೊಸೆಯ ತಪ್ಪು. ಆ ಹಿರಿಯ ಸೊಸೆ ನಾನು. ಈಗ ಅರವತ್ತು ದಾಟಿದ್ದೇನೆ. ಆದರೂ ಯಾರಾದರೂ ಊಟಕ್ಕೆ ಕೂತು ಬೇಳೆಯನ್ನು ಬೆರಳಲ್ಲಿ ಹಿಸುಕಿ ನೋಡಿದರೆ ನನಗೆ ಮೈ ಉರಿಯುತ್ತದೆ.

ನನ್ನ ತವರು ಜೇವರ್ಗಿ ತಾಲ್ಲೂಕಿನ ನೆಲೋಗಿ. ಕೊಟ್ಟದ್ದು ಆಳಂದ ಕಡೆಯ ಒಂದು ಊರಿಗೆ. ಊರ ಹೊರಗೆ ಹಳೆಯದೊಂದು ಮೆಟ್ಟಿಲು ಬಾವಿ. ಕಲ್ಲಿನ ಮೆಟ್ಟಿಲು ಇಳಿದು, ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಕೊಡ ಮುಳುಗಿಸಬೇಕು. ಹೊಲದಿಂದ ಬಂದವರು ಅಲ್ಲೇ ಕಾಲು ತೊಳೆದು, ಅಲ್ಲೇ ಬೊಗಸೆ ತುಂಬಿ ಕುಡಿದು ಮೇಲೆ ಹತ್ತುವರು. ನೀರು ಮಾತ್ರ ಸಿಹಿ, ಸುಳ್ಳು ಹೇಳಬಾರದು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಸರ್ಕಾರದವರು ಶಾಲೆಯ ಹತ್ತಿರ ಕೈಪಂಪು ಹಾಕಿಸಿದರು. ನಮ್ಮ ಕಡೆ ಅದಕ್ಕೆ ಬೋರಿಂಗ್ ಎನ್ನುತ್ತಾರೆ. ಅದರ ನೀರು ಗಡಸು. ಕುಡಿದರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಬಟ್ಟೆ ಒಗೆದರೆ ಸಾಬೂನಿಗೆ ನೊರೆಯೇ ಬರದು.

ನಮ್ಮದು ತೊಗರಿಯ ನಾಡು. ನೀರು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನಮ್ಮ ಮಂದಿ ತೊಗರಿ ಬೇಳೆಯನ್ನೇ ಕೇಳುತ್ತಿದ್ದರು. ಬೇಳೆ ಕರಗಿದರೆ ಆ ನೀರು ಅಮೃತ. ಕಾಳು ಕಾಳಾಗಿ ಉಳಿದರೆ ಅದನ್ನು ದನಕ್ಕೂ ಕುಡಿಸಬಾರದು.

"ಬ್ಯಾಳಿ ಬೇಯಿಸಲಾರದ ನೀರು ಹೊಟ್ಯಾಗ ಹೋಗಿ ರೊಟ್ಟಿ ಹ್ಯಾಂಗ ಕರಗಸ್ತದವ್ವ?" ಎಂದು ಅತ್ತೆ ಕೇಳುವರು. ಈ ಮಾತಿಗೆ ತಲೆಯಾಡಿಸದವರು ಆ ಓಣಿಯಲ್ಲಿ ಯಾರೂ ಇರಲಿಲ್ಲ.

ನನಗೆ ಆಗ ಮಗಳು ಹುಟ್ಟಿ ಮೂರು ವರ್ಷ. ಬಾಣಂತನದಲ್ಲಿ ಹಿಡಿದ ಬೆನ್ನುನೋವು ಬಿಟ್ಟಿರಲಿಲ್ಲ. ಗಂಡ ಅಫಜಲಪುರದಲ್ಲಿ ಮಾಸ್ತರಿಕೆ ಮಾಡುತ್ತಿದ್ದರು, ವಾರಕ್ಕೊಮ್ಮೆ ಬಸ್ಸು ಹತ್ತಿ ಬರುವರು. ಬಾವಿ ದೂರ, ಬೋರಿಂಗ್ ಹತ್ತಿರ. ನಾನು ಬೋರಿಂಗಿಗೆ ಹೋದೆ. ಅಷ್ಟೇ ಸಂಗತಿ. ಆದರೆ ನನ್ನ ಬೇಳೆ ಬೇಯಲಿಲ್ಲ. ಮಧ್ಯಾಹ್ನದ ತನಕ ಕುದಿಸಿದರೂ ಕಾಳು ಕಾಳಾಗಿ ತೇಲುತ್ತಿತ್ತು.

ಮೈದುನ ತಟ್ಟೆ ನೋಡಿ ನಗುವನು. "ವೈನೀ, ಇದು ಉಣ್ಣಾಕ ಕೊಟ್ಟೀರೋ ಏನ್ ಸರ ಪೋಣಸಾಕ ಕೊಟ್ಟೀರೋ?"

"ನೀರು ಗಡಸು ಅದರಿ," ಎಂದರೆ ಅತ್ತೆ ಅಡುಗೆಮನೆಯ ಬಾಗಿಲಿಂದಲೇ, "ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ," ಎನ್ನುವರು.

ಆ ವರ್ಷವೇ ಮೈದುನನ ಮದುವೆಯಾಯಿತು. ಹುಡುಗಿ ಘತ್ತರಗಿಯವಳು. ಭೀಮಾ ಹೊಳೆಯ ದಂಡೆಯಲ್ಲಿ ಬೆಳೆದವಳು, ಹುಟ್ಟಿದಾಗಿನಿಂದ ಹೊಳೆಯ ನೀರೇ ಕುಡಿದವಳು. ಮನೆಯಲ್ಲಿ ನಾನು ದೊಡ್ಡಾಕಿ, ಅವಳು ಸಣ್ಣಾಕಿ ಆದೆವು. ಅವಳ ಕೂದಲು ಎಷ್ಟು ನುಣುಪು ಅಂತೀರಿ! ಹೊಳೆಯಲ್ಲಿ ಮಿಂದ ಕೂದಲು. ಗಡಸು ನೀರಿಗೆ ನನ್ನ ತಲೆ ತೆಂಗಿನ ನಾರಾಗಿತ್ತು. ಅವಳು ಹೆರಳು ಬಿಚ್ಚಿ ಅಂಗಳದಲ್ಲಿ ಕೂತರೆ ನಾನು ಬೇಕಂತಲೇ ಒಳಗೆ ಹೋಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ.

ಬಂದ ಮರುದಿನವೇ ಬೋರಿಂಗ್ ನೀರನ್ನು ಬಾಯಿಗೆ ಹಾಕಿ ಉಗುಳಿದಳು. "ಸಿಟ್ಟಾಗಬ್ಯಾಡ್ರಿ ಅಕ್ಕಾ, ಹೊಳಿ ನೀರು ಕುಡದ ಬಾಯಿ. ಇದು ಗಂಟಲದಾಗ ಇಳಿಯಂಗಿಲ್ಲರಿ," ಎಂದು ಎರಡು ಕೊಡ ಎತ್ತಿಕೊಂಡು ಮೆಟ್ಟಿಲು ಬಾವಿಗೆ ನಡೆದಳು. ಅವತ್ತು ಅವಳ ಬೇಳೆ ಬೆಣ್ಣೆಯಾಗಿ ಕರಗಿತು. ಮೈದುನ ಎರಡು ರೊಟ್ಟಿ ಹೆಚ್ಚಿಗೆ ಉಂಡ. ಅತ್ತೆ ಬೆರಳು ನೆಕ್ಕಿ, "ಕೈಗುಣ ಅಂದ್ರ ಇದು ನೋಡವ್ವ," ಎಂದರು. ಹೇಳಿದ್ದು ಅವಳಿಗೆ, ನೋಡಿದ್ದು ನನ್ನನ್ನು.

ಕೈಗುಣವಂತೆ! ಅದೇ ತೊಗರಿ, ಅದೇ ಒಲೆ, ಅದೇ ಪಾತ್ರೆ. ಬೇರೆ ಇದ್ದದ್ದು ನೀರು ಒಂದೇ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಹೊಗಳಿಕೆ ನೀರಿಗೆ ಸಲ್ಲಲಿಲ್ಲ, ಅವಳ ಕೈಗೆ ಸಂದಿತು. ನನಗೆ ಹೊಟ್ಟೆಕಿಚ್ಚು ಹತ್ತಿದ್ದು ಆಗಲೇ. ಅದಕ್ಕೆ ಬೇರೆ ಚಂದದ ಹೆಸರು ಕೊಡಲಾರೆ. ನಾಚಿಕೆಯೂ ಇಲ್ಲ. ಆ ಮನೆಗೆ ಐದು ವರ್ಷ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡು ರೊಟ್ಟಿ ಬಡಿದವಳಿಗೆ ಒಂದು ಒಳ್ಳೆಯ ಮಾತಿಲ್ಲ, ನಿನ್ನೆ ಬಂದವಳಿಗೆ ಕೈಗುಣ!

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಮಗಳೂ ಅತ್ತ ಹೋದಳು. ನಾನು ಕರೆದರೆ ಕಂಬದ ಹಿಂದೆ ನಿಲ್ಲುವಳು. ಅವಳು "ಬಾರ ನನ್ನ ಬಂಗಾರಾ" ಎಂದರೆ ಓಡಿ ಹೋಗಿ ಸೊಂಟ ಹತ್ತುವಳು. ಕಕ್ಕಿ ಹೆರಳು ಹಾಕಬೇಕು, ಕಕ್ಕಿ ಉಣಿಸಬೇಕು. ಚಿಕ್ಕಪ್ಪನ ಹೆಂಡತಿ ಕಕ್ಕಿ, ಸರಿಯೇ. ಹೆತ್ತವಳು ಯಾರು ಎಂದು ಆ ಹುಡುಗಿಗೆ ನೆನಪು ಮಾಡಿಕೊಡಬೇಕಾಗಿತ್ತು. ರಾತ್ರಿ ಮಾತ್ರ ನನ್ನ ಪಕ್ಕಕ್ಕೆ ಬರುವಳು, ಅದೂ ಕಕ್ಕಿಯ ಕೋಣೆಯ ಬಾಗಿಲು ಹಾಕಿರುತ್ತಿದ್ದುದರಿಂದ.

ಹೀಗಿರುವಾಗ ಶಾಲೆಗೆ ಆರೋಗ್ಯ ಖಾತೆಯವನೊಬ್ಬ ಬಂದ. ಅವನು ಡಾಕ್ಟರ್ ಅಲ್ಲ. ಆದರೆ ಹಿಂದೆ ಮಲೇರಿಯಾ ಔಷಧಿ ಹೊಡೆಯಲು ಬಂದಿದ್ದರಿಂದ ಊರವರಿಗೆಲ್ಲ ಅವನು ಮಲೇರಿಯಾ ಡಾಕ್ಟರ್. ಬೋರಿಂಗಿಗೆ ಬಂದಿದ್ದ ಹೆಂಗಸರನ್ನೆಲ್ಲ ಕರೆದು, ಮೆಟ್ಟಿಲು ಬಾವಿಯ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಬಿಸಿಲಿಗೆ ಹಿಡಿದು ತೋರಿಸಿದ. ನೀರಿನಲ್ಲಿ ಧೂಳಿನಂಥ ಚುಕ್ಕೆಗಳು ಪುಟಪುಟ ಜಿಗಿಯುತ್ತಿದ್ದವು.

"ನಾರಿನ ಹುಣ್ಣು ಆಗ್ತದಲ್ಲ, ಅದರ ಬೀಜ ಈ ಹುಳದ ಹೊಟ್ಯಾಗ ಇರ್ತದರಿ," ಎಂದ. "ಇಂಥ ನೀರು ಕುಡದ್ರ ವರ್ಷ ತುಂಬೂದರಾಗ ಕಾಲಾಗ ಗುಳ್ಳಿ ಎದ್ದು, ಗುಳ್ಳಿ ಒಡದು ನಾರು ಹೊರಗ ಬರ್ತದ. ಆ ಕಾಲು ತಗೊಂಡು ಬಾವ್ಯಾಗ ಇಳದ್ರ ಬಾವಿ ಮತ್ತ ಕೆಡ್ತದ. ಕುದಿಸಿದ್ರ ಇವು ಸಾಯ್ತಾವ. ದಪ್ಪ ಬಟ್ಟಿ ಎರಡು ಮಡಿ ಹಾಕಿ ಸೋಸಿದ್ರ ನಿಲ್ತಾವ. ಇಲ್ಲಂದ್ರ ಬೋರಿಂಗ್ ನೀರು ಕುಡೀರಿ, ಅದರಾಗ ಇವು ಇರಂಗಿಲ್ಲ."

ನಾರು ಎಂದರೆ ಊರಿಗೆ ಹೊಸದಲ್ಲ. ಪ್ರತಿ ಬೇಸಿಗೆ ಒಂದೆರಡು ಮನೆಯಲ್ಲಿ ಯಾರಾದರೂ ಕಾಲು ಚಾಚಿ ಮಲಗಿರುವರು. ಬಿಳಿ ದಾರದಂಥ ಹುಳು ಗಾಯದಿಂದ ಇಷ್ಟಿಷ್ಟೇ ಹೊರಬರುವುದು. ಮೈಯೊಳಗಿನ ನರವೇ ಹೊರಗೆ ಬರುತ್ತಿದೆ ಎಂದು ಕೆಲವರು, ಮೈಯ ಉಷ್ಣ ಎಂದು ಕೆಲವರು. ನೀರಿನಿಂದ ಎಂದು ಯಾರೂ ಹೇಳಿರಲಿಲ್ಲ. ಆ ಬಾಟಲಿ ನೋಡಿ ಉಳಿದ ಹೆಂಗಸರು ಹೆದರಿ ಸೆರಗು ಬಾಯಿಗೆ ಹಿಡಿದರು. ನಾನೂ ಹೆದರಬೇಕಿತ್ತು. ನನಗೆ ಮೊದಲು ಆದದ್ದು ಸಂತೋಷ. ಸಣ್ಣಾಕಿಯ ಅಮೃತದಲ್ಲಿ ಹುಳು! ಮನೆಯ ತನಕ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಂಗಳಕ್ಕೆ ಕಾಲಿಟ್ಟಾಗ ಮಗಳು ಕಕ್ಕಿಯ ಹರವಿಯಿಂದ ನೀರು ಕುಡಿಯುತ್ತಿದ್ದಳು. ಆಗ ಸಂತೋಷ ಇಳಿದು ಹೋಯಿತು.

ಹರವಿ ಎಂದರೆ ಕುಡಿಯುವ ನೀರು ತುಂಬಿಡುವ ದೊಡ್ಡ ಮಣ್ಣಿನ ಗಡಿಗೆ. ನಮ್ಮ ಪಡಸಾಲೆಯ ಕಟ್ಟೆಯ ಮೇಲೆ ಇದ್ದದ್ದು ಒಂದೇ ಹರವಿ. ಅದನ್ನು ಈಗ ಸಣ್ಣಾಕಿಯೇ ತುಂಬುತ್ತಿದ್ದಳು.

ಅತ್ತೆಯ ಮುಂದೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿದೆ. "ಬ್ಯಾಳಿಗೆ ಬಾವಿ ನೀರೇ ಇರಲಿ ಅತ್ತೀ, ಹೆಂಗೂ ಕುದೀತದ. ಕುಡಿಯಾಕ ಮಾತ್ರ ಬೋರಿಂಗ್ ನೀರು ತುಂಬೋಣರಿ."

ಅತ್ತೆ ಜೋಳ ಹಸನು ಮಾಡುತ್ತಿದ್ದ ಕೈ ನಿಲ್ಲಿಸಿದರು. "ಒಂದು ಮನ್ಯಾಗ ಎರಡು ನೀರೇನ? ಎರಡು ನೀರಾದ ಮನ್ಯಾಗ ನಾಳಿಗಿ ಎರಡು ಒಲಿ ಆಗ್ತಾವ. ಈ ಕಣ್ಣಿಲೆ ನಾಕು ಮನಿ ನೋಡೇನಿ ನಾ."

"ಹುಳ ಅದಾವ ಅತ್ತೀ. ನಾ ನೋಡಿ ಬಂದೇನಿ."

"ನಮ್ಮ ಅತ್ತಿ ಕುಡದಾಳ, ನಾ ಕುಡದೇನಿ. ಈಗ ಸಣ್ಣಾಕಿ ತಂದ ಮ್ಯಾಲ ಹುಳ ಬಿದ್ದಾವೇನ?"

ಸಣ್ಣಾಕಿ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ಮುಖ ಸಣ್ಣದು ಮಾಡಿಕೊಂಡು, "ನಾನೂ ಸೋಸೇ ಹಾಕ್ತೇನ್ರಿ ಅಕ್ಕಾ," ಎಂದಳು. ಸೋಸುತ್ತಿದ್ದಳು, ಹೌದು. ತವರಿನಿಂದ ತಂದ ಹಳೆಯ ಧೋತರದ ತುಂಡಿನಲ್ಲಿ. ಒಗೆದು ಒಗೆದು ಅದು ಬಲೆಯಾಗಿತ್ತು. ದಪ್ಪ ಬಟ್ಟೆ ಎರಡು ಮಡಿ ಕಟ್ಟು ಎಂದೆ. ನೀರು ಇಳಿಯುವುದರೊಳಗೆ ಹೊತ್ತು ಮುಳುಗುತ್ತದೆ ಎಂದಳು. ನಾನು ಹೇಳುತ್ತಿದ್ದದ್ದು ಖರೆ. ಆದರೆ ನನ್ನ ದನಿಯಲ್ಲಿ ಏನಿತ್ತು ಎಂಬುದು ಅವರಿಬ್ಬರಿಗೂ ಕೇಳಿಸುತ್ತಿತ್ತು. ಅದೇ ಮಾತನ್ನು ಸಣ್ಣಾಕಿ ಹೇಳಿದ್ದರೆ ಇಡೀ ಮನೆ ಅವತ್ತೇ ಬೋರಿಂಗಿಗೆ ಹೋಗುತ್ತಿತ್ತು, ಆಣೆ ಮಾಡಿ ಹೇಳುತ್ತೇನೆ.

ನಾನು ಸಂತೆಯಿಂದ ಇನ್ನೊಂದು ಹರವಿ ತಂದು ಅದೇ ಕಟ್ಟೆಯ ಮೇಲೆ ಇಟ್ಟೆ. ಅದಕ್ಕೆ ಬೋರಿಂಗ್ ನೀರು ತುಂಬಿದೆ. ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಬಿಡಲಿ. ನನಗೆ ಬೇಕಾದದ್ದು ಒಂದೇ. ಮಗಳು ನನ್ನ ಹರವಿಯಿಂದ ಕುಡಿಯಬೇಕು. ಎಳೆ ಕಾಲು, ಅದರಲ್ಲಿ ನಾರು ಬಂದರೆ ಹೇಗೆ ತಡೆದೀತು? ಆ ಊರಿನಲ್ಲಿ ನಾರು ಒಳಗೇ ತುಂಡಾಗಿ ಕಾಲು ಸೊಟ್ಟಗಾದ ಹುಡುಗರನ್ನು ನಾನು ಕಂಡಿದ್ದೆ.

ಮಗಳು ಕುಡಿಯಬೇಕಲ್ಲ! ನನ್ನ ಲೋಟ ತುಟಿಗೆ ತಾಗಿದೊಡನೆ ಮೂಗು ಮುರಿಯುವಳು. "ಕಬ್ಬಣ ನೀರು ಒಲ್ಲೆ. ಕಕ್ಕಿ ನೀರು ಬೇಕು." ಬೈದೆ, ಬೆಲ್ಲ ತೋರಿಸಿದೆ, ಬೆನ್ನಿಗೊಂದು ಕೊಟ್ಟೆ. ನನ್ನ ಎದುರಿಗೆ ಒಂದು ಗುಟುಕು ಕುಡಿದು, ನಾನು ಅತ್ತ ತಿರುಗಿದರೆ ಆ ಹರವಿಗೆ ಓಡುವಳು. ಸಣ್ಣಾಕಿಗೆ ಕೊಡಬೇಡ ಎಂದರೆ, "ಕೂಸು ನೀರು ಕೇಳಿದ್ರ ಇಲ್ಲ ಅನ್ನೂದು ಹ್ಯಾಂಗ್ರಿ ಅಕ್ಕಾ?" ಎನ್ನುವಳು. ನಯವಾಗಿಯೇ ಹೇಳುವಳು. ಆ ನಯವೇ ನನಗೆ ಕಣ್ಣಿಗೆ ಖಾರ ಹಾಕಿದಂತೆ ಆಗುತ್ತಿತ್ತು.

ಒಂದು ಮಧ್ಯಾಹ್ನ ಪಡಸಾಲೆಗೆ ಬಂದರೆ ಅವಳು ಲೋಟ ಎತ್ತಿ ಹಿಡಿದಿದ್ದಾಳೆ, ನನ್ನ ಮಗಳು ಕಣ್ಣು ಮುಚ್ಚಿ ಗಟಗಟ ಕುಡಿಯುತ್ತಿದ್ದಾಳೆ. ಕುಡಿದು ಮುಗಿಸಿ ನನ್ನನ್ನು ನೋಡಿ ಕಕ್ಕಿಯ ಸೀರೆಯೊಳಗೆ ಮುಖ ಮುಚ್ಚಿಕೊಂಡಳು. ಹೆತ್ತ ತಾಯಿಯನ್ನು ಕಂಡು ಅಡಗಿಕೊಳ್ಳುವುದೇ? ಹೋಗಿ ಅವಳ ಹರವಿಯನ್ನು ಎರಡೂ ಕೈಯಿಂದ ತಳ್ಳಿದೆ. ಕಟ್ಟೆಯಿಂದ ಉರುಳಿ ಅಂಗಳದಲ್ಲಿ ಚೂರಾಯಿತು. ನೀರು ತುಳಸಿಕಟ್ಟೆಯವರೆಗೆ ಹರಿಯಿತು.

ಅಕ್ಕಪಕ್ಕದವರು ಬಂದು ನಿಂತರು. ಅತ್ತೆ ಎಲ್ಲರೆದುರಿಗೇ, "ಹೊಟ್ಟಿಕಿಚ್ಚಿಗಿ ಔಷಧಿಲ್ಲ ತಾಯೀ," ಎಂದು ಕೈ ಮುಗಿದರು. ಸಣ್ಣಾಕಿ ಅಳುತ್ತಾ ಚೂರು ಆಯ್ದಳು. ಆ ಶನಿವಾರ ಗಂಡ ಬಂದವರು ನನಗೇ ಬುದ್ಧಿ ಹೇಳಿದರು, ಮಾಸ್ತರಲ್ಲವೇ. ಸಣ್ಣಾಕಿ ಹೊಸ ಹರವಿ ತಂದಳು. ಅದರಿಂದ ಮೊದಲ ಲೋಟ ಕುಡಿದವಳು ನನ್ನ ಮಗಳು. ಹರವಿ ಒಡೆದದ್ದಕ್ಕೆ ನನಗೆ ಅವತ್ತೂ ಬೇಸರವಿರಲಿಲ್ಲ, ಇವತ್ತೂ ಇಲ್ಲ. ಆ ಹೊಸದನ್ನೂ ಒಡೆಯಲಿಲ್ಲವಲ್ಲ ಎಂಬುದೇ ಬೇಸರ.

ಮುಂದಿನ ಬೇಸಿಗೆಗೆ ಸಣ್ಣಾಕಿಯ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತು. ಬೆಂಕಿ ಇಟ್ಟಂತೆ ಉರಿ. ಗುಳ್ಳೆ ಒಡೆದ ದಿನ ಅವಳು ಕುಂಟುತ್ತಾ ಬಾವಿಯ ಕಡೆ ಹೊರಟಳು, ತಣ್ಣೀರಿನಲ್ಲಿ ಕಾಲಿಟ್ಟರೆ ಉರಿ ಆರುತ್ತದೆಂದು. ಊರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ನಾನು ಓಡಿ ಹೋಗಿ ರಟ್ಟೆ ಹಿಡಿದು ವಾಪಸು ಕರೆತಂದು, ಬಚ್ಚಲಲ್ಲಿ ಬೋಗುಣಿಗೆ ತಣ್ಣೀರು ಹಾಕಿ ಅದರಲ್ಲಿ ಕಾಲು ಇಡಿಸಿದೆ. ಆ ನೀರನ್ನು ದೂರದ ಒಣ ನೆಲಕ್ಕೆ ನಾನೇ ಚೆಲ್ಲಿ ಬಂದೆ. ವಾರದೊಳಗೆ ಮೈದುನನಿಗೂ ಬಂತು. ಆಮೇಲೆ ಅತ್ತೆಗೆ ಮೊಣಕಾಲ ಕೆಳಗೆ. ಪಡಸಾಲೆಯಲ್ಲಿ ಮೂರು ಹಾಸಿಗೆ. ಮೂವರ ಗಂಜಿ, ಮೂವರ ಗಾಯ, ಮೂವರ ಬಟ್ಟೆ ಎಲ್ಲ ನನ್ನ ಮೇಲೆ.

ಈಗಲಾದರೂ ಒಂದು ಮಾತು ಹೇಳುವರು ಎಂದುಕೊಂಡೆ. ಓಣಿಯವರು ಹೇಳಿದರು, ಬೇರೆ ಮಾತು. "ಎಲ್ಲರಿಗೂ ಬಂತು, ದೊಡ್ಡಾಕಿಗಿ ಬರಲಿಲ್ಲ ನೋಡು. ಕಣ್ಣು ಹಾಕಿದಾಕಿಗಿ ಹ್ಯಾಂಗ ಬರ್ತದ?" ಬರದ ಬೇನೆಗೆ ಯಾರು ಶಹಬ್ಬಾಸ್ ಅನ್ನುತ್ತಾರೆ! ವರ್ಷವಿಡೀ ಕಬ್ಬಿಣದ ನೀರು ಕುಡಿದು ಕಾಲು ಉಳಿಸಿಕೊಂಡದ್ದು ನನ್ನ ಮೇಲಿನ ಗುಮಾನಿಗೆ ಸಾಕ್ಷಿಯಾಯಿತು. ಅತ್ತೆ ತನ್ನ ನೋವನ್ನೂ ಮರೆತು ಕೂತಲ್ಲಿಂದಲೇ ಸಣ್ಣಾಕಿಯ ಕಾಲು ನೀವುವರು. ಅದನ್ನು ನೋಡುತ್ತಾ, ನನಗೂ ಒಂದು ನಾರು ಬರಬಾರದಿತ್ತೇ ಅನ್ನಿಸಿತು. ಯಾರಾದರೂ ನನ್ನ ಕಾಲನ್ನೂ ಮಡಿಲಿಗೆ ತೆಗೆದುಕೊಳ್ಳುತ್ತಿದ್ದರು. ಇಂಥ ಹುಚ್ಚು ಹೊಟ್ಟೆಕಿಚ್ಚನ್ನು ಯಾರ ಮುಂದೆ ಹೇಳಲಿ?

ಒಂದು ದಿನ ಸಣ್ಣಾಕಿಯೇ ಹೇಳಿದಳು. "ಅಕ್ಕ ಅಂದಿದ್ದು ಖರೆ ಆಯ್ತು ನೋಡ್ರಿ ಅತ್ತೀ. ನೀರಿನ ಮಾತು ಅವತ್ತೇ ಕೇಳಬೇಕಿತ್ತು."

ಅತ್ತೆ ನಾನಿದ್ದೇನೆಂದು ನೋಡಿಯೇ ಉತ್ತರ ಕೊಟ್ಟರು. "ಆಕಿ ಸಿಟ್ಟು ನೀರಿನ ಮ್ಯಾಲ ಇರಲಿಲ್ಲವ್ವ. ನಿನ್ನ ಮ್ಯಾಲ ಇತ್ತು."

ಎರಡರ ಮೇಲೂ ಇತ್ತು. ಎರಡೂ ಖರೆ ಇರಬಹುದು ಎಂದು ಹೇಳಿದರೆ ಯಾರು ನಂಬುತ್ತಾರೆ? ಗಂಜಿ ಬಟ್ಟಲು ಇಟ್ಟು ಒಳಗೆ ಹೋದೆ.

ಆಗಿನಿಂದ ದಿನಾ ಮಗಳ ಕಾಲು ತೊಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಂದು ಮುಂಜಾನೆ ಬಲಗಾಲಿನ ಹರಡಿನ ಗಂಟಿನ ಹತ್ತಿರ ಕೆಂಪಗೆ ಉಬ್ಬಿತ್ತು. ಸೊಳ್ಳೆ ಇರಬೇಕು ಅಂದುಕೊಂಡೆ. ಸೊಳ್ಳೆಯಲ್ಲ. ಗುಳ್ಳೆ ಒಡೆದು ದಾರದ ತುದಿ ಕಂಡಾಗ ನಾನು ಅಂಗಳದಲ್ಲಿ ಕೂತಲ್ಲಿಂದಲೇ ಸಣ್ಣಾಕಿಗೆ ಬಾಯಿಗೆ ಬಂದದ್ದೆಲ್ಲ ಅಂದೆ.

ಮಲೇರಿಯಾ ಡಾಕ್ಟರ್ ಬಂದು ತೋರಿಸಿಕೊಟ್ಟ. ನಾರಿನ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಇಷ್ಟೇ ಇಷ್ಟು ಎಳೆಯಬೇಕು. ಅವಸರ ಮಾಡಿದರೆ ತುಂಡಾಗುತ್ತದೆ, ತುಂಡಾದರೆ ಕಾಲು ಬಾತು ಕೀವಾಗುತ್ತದೆ. ನಾನು ಕಡ್ಡಿ ಹಿಡಿದು ಕೂತೊಡನೆ ಮಗಳು ಎದೆಗೆ ಒದ್ದಳು. ಕಿರುಚಿ ಕಿರುಚಿ ನೀಲಿಯಾದಳು. ಕರೆದದ್ದು ಅವ್ವನನ್ನಲ್ಲ. "ಕಕ್ಕೀ, ಕಕ್ಕೀ!"

ಸಣ್ಣಾಕಿ ತನ್ನ ಹಾಸಿಗೆಯಿಂದ ಕೂತು ಕೂತೇ ಸರಿಯುತ್ತಾ ಬಂದಳು. ತನ್ನ ಕಾಲನ್ನು ಮಗಳ ಕಾಲಿನ ಪಕ್ಕ ಚಾಚಿ, ಅದಕ್ಕೆ ಕಟ್ಟಿದ್ದ ಕಡ್ಡಿ ತೋರಿಸಿದಳು. "ನೋಡಿಲ್ಲಿ ಬಂಗಾರಾ, ನನಗೂ ಅದ. ನಂದು ನಾ ಸುತ್ತತೇನಿ, ಆಮ್ಯಾಲ ನಿಂದು. ಹೂಂ?" ಮಗಳು ಬಿಕ್ಕುತ್ತಾ ಹೂಂ ಎಂದಳು. ಸಣ್ಣಾಕಿ ನನ್ನ ಕಡೆ ನೋಡಿದಳು. "ನೀವು ಕಾಲು ಹಿಡೀರಿ ಅಕ್ಕಾ." ನಾನು ಹಿಡಿದೆ. ಯಾರ ನೀರಿನಿಂದ ಬಂತೋ ಅವಳ ಕೈಯಿಂದಲೇ ಹೊರಗೆ ಬರಬೇಕಾಯಿತು. ನನ್ನ ಮಗಳ ನೋವು ಕೂಡ ನನಗೆ ಸೇರಿದ್ದಾಗಿರಲಿಲ್ಲ.

ಸುತ್ತಿ ಮುಗಿದ ಮೇಲೆ ಮಗಳು ನೀರು ಕೇಳಿದಳು. ಸಣ್ಣಾಕಿಯ ಹರವಿ ಬರಿದಾಗಿತ್ತು, ಬಾವಿಗೆ ಹೋಗುವವರು ಯಾರೂ ಇರಲಿಲ್ಲ. ನಾನು ನನ್ನ ಹರವಿಯಿಂದ ಲೋಟ ತುಂಬಿ ತಂದೆ. ಮಗಳು ತುಟಿ ಬಿಗಿದು ಮುಖ ತಿರುಗಿಸಿದಳು. ಸಣ್ಣಾಕಿ ಕೈ ಚಾಚಿ ನನ್ನ ಕೈಯಿಂದ ಆ ಲೋಟ ತೆಗೆದುಕೊಂಡಳು, ಹುಡುಗಿಯ ಬಾಯಿಗೆ ಹಿಡಿದಳು. ಮಗಳು ಒಂದೇ ಉಸಿರಿಗೆ ಕುಡಿದು ಬರಿದು ಮಾಡಿದಳು.

"ಕಕ್ಕಿ, ನಿನ್ನ ನೀರು ಸೀ ಅದ," ಎಂದಳು.

ಸಣ್ಣಾಕಿ ತಲೆ ತಗ್ಗಿಸಿದಳು. ನಾನು ಎದ್ದು ಎರಡೂ ಕೊಡ ತೆಗೆದುಕೊಂಡು ಬೋರಿಂಗಿಗೆ ಹೋದೆ. ಹೋಗುತ್ತಾ ಅವಳನ್ನೂ ಬೈದೆ, ಮಗಳನ್ನೂ ಬೈದೆ, ಅತ್ತೆಯನ್ನು ಬೇರೆಯಾಗಿಯೇ ಬೈದೆ. ತುಂಬಿಕೊಂಡು ಬಂದು ಕಟ್ಟೆಯ ಮುಂದೆ ನಿಂತೆ. ನನ್ನ ಹರವಿಗೆ ಒಂದು ಹನಿ ಹಾಕಲಿಲ್ಲ. ಎರಡೂ ಕೊಡವನ್ನು ಸಣ್ಣಾಕಿಯ ಹರವಿಗೆ ಸುರಿದು, ಮುಚ್ಚಳ ಮುಚ್ಚಿದೆ.

"ಬಾರ," ಎಂದು ಮಗಳನ್ನು ಕರೆದೆ, "ಕಕ್ಕಿ ನೀರು ಕುಡಿಬಾ."